ಅಪ್ಪ ಹೊಡೆಯುತ್ತಿದ್ದ ಮನೆಯಲ್ಲಿ ಬೆಳೆದವರು ‘ನಮ್ಮ ತಂದೆಯೇ’ ಅನ್ನುವುದು ಹೇಗೆ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾನು ಗದಗ ಕಡೆಯವಳು, ಮದುವೆಯಾಗಿ ಬೆಂಗಳೂರಿನಲ್ಲಿದ್ದೇನೆ. ನಮ್ಮದು ಅಜ್ಜನ ಕಾಲದಿಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಮನೆತನ. ಅಪ್ಪ ಸಭೆಯ ಕಮಿಟಿಯಲ್ಲಿದ್ದರು, ಭಾನುವಾರ ಆರಾಧನೆಯಲ್ಲಿ ಬೈಬಲ್ ಓದುತ್ತಿದ್ದರು. ಶನಿವಾರ ರಾತ್ರಿ ಕುಡಿದು ಬಂದು ಅಮ್ಮನಿಗೆ ಬೆಲ್ಟಿನಿಂದ ಹೊಡೆಯುತ್ತಿದ್ದರು. ಅಡ್ಡ ಹೋದರೆ ನನಗೂ ಬೀಳುತ್ತಿತ್ತು. ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಏನೂ ಅನ್ನಲಿಲ್ಲ. ಹನ್ನೊಂದು ವರ್ಷದಿಂದ ನಾನು ಅವರ ಜೊತೆ ಮಾತಾಡಿಲ್ಲ. ಈಗ ಅವರಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದೆ. ತಮ್ಮ ದಿನಾ ಫೋನ್ ಮಾಡಿ, ‘ಅಕ್ಕಾ, ನಿನ್ನ ಹೆಸರು ಹೇಳಿದರೆ ಸಾಕು, ಅಪ್ಪ ಅಳ್ತಾರೆ. ಆಗಿದ್ದು ಆಗಿಹೋಯ್ತು, ಬಂದು ಕ್ಷಮಿಸಿಬಿಡು. ತಂದೆತಾಯಿಯನ್ನು ಸನ್ಮಾನಿಸು ಅಂತ ವಾಕ್ಯವೇ ಇದೆಯಲ್ಲ’ ಅನ್ನುತ್ತಾನೆ. ನಾನು ದೇವರನ್ನು ಬಿಟ್ಟಿಲ್ಲ. ಆದರೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಶುರುವಾದರೆ ‘ನಮ್ಮ ತಂದೆಯೇ’ ಅನ್ನುವಲ್ಲಿಗೆ ಗಂಟಲು ಕಟ್ಟುತ್ತದೆ. ಎಂಟು ವರ್ಷದ ಮಗಳು ಸಂಡೇ ಸ್ಕೂಲಿನಲ್ಲಿ ಅದನ್ನು ಬಾಯಿಪಾಠ ಮಾಡಿದ್ದಾಳೆ. ಮೊನ್ನೆ, ‘ಎಲ್ಲರೂ ಹೇಳುವಾಗ ನೀನ್ಯಾಕಮ್ಮ ಸುಮ್ನೆ ನಿಂತಿರ್ತೀಯಾ?’ ಅಂತ ಕೇಳಿದಳು. ನಾನೇನು ಮಾಡಲಿ?

ಉತ್ತರ: ತಂಗಿ, ನೀವು ಕೇಳಿರುವುದು ಎರಡು ವಿಷಯ. ಪ್ರಾರ್ಥನೆಯದೊಂದು, ಊರಿಗೆ ಹೋಗುವುದೊಂದು. ನಿಮ್ಮ ತಮ್ಮ ಎರಡನ್ನೂ ಸೇರಿಸಿ ಒಂದೇ ಗಂಟು ಕಟ್ಟಿದ್ದಾನೆ. ದೇವರನ್ನು ತಂದೆ ಅಂತ ನಂಬುವವಳು ಹೆತ್ತ ತಂದೆಯ ಹತ್ತಿರ ಹೋಗಲೇಬೇಕು ಅನ್ನುವುದು ಅವನ ಲೆಕ್ಕ. ಮೊದಲು ಆ ಗಂಟು ಬಿಚ್ಚೋಣ. ಬೈಬಲ್ ದೇವರನ್ನು ತಂದೆ ಅಂದಾಗ ಮನೆಮನೆಯ ಅಪ್ಪಂದಿರ ಅಧಿಕಾರಕ್ಕೆ ಮೊಹರು ಒತ್ತುತ್ತಿಲ್ಲ. ಆ ಅಧಿಕಾರಕ್ಕೆ ಬೇಲಿ ಹಾಕುತ್ತಿದೆ. ನನ್ನ ಉತ್ತರವೆಲ್ಲ ಇದರ ಮೇಲೆಯೇ ನಿಂತಿದೆ.

ಗಂಟಲು ಕಟ್ಟುವುದಕ್ಕೆ ನೀವು ನಾಚಿಕೆಪಡಬೇಕಾಗಿಲ್ಲ. ಅದು ಅಪನಂಬಿಕೆಯೂ ಅಲ್ಲ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಮಗು ‘ತಂದೆ’ ಅನ್ನುವ ಮಾತಿಗೆ ಅರ್ಥ ಕಲಿಯುವುದು ಮನೆಯಲ್ಲಿ, ಪೀಠದ ಮೇಲಿನ ಪ್ರಸಂಗದಿಂದಲ್ಲ. ದೇವರೆಂದರೆ ದೊಡ್ಡದು ಮಾಡಿದ ಅಪ್ಪನೇ ಅಂತ ಮನೋವಿಶ್ಲೇಷಕ ಫ್ರಾಯ್ಡ್ 1913ರಷ್ಟು ಹಿಂದೆಯೇ ಬರೆದ. ದೇವರ ವಿಷಯದಲ್ಲಿ ಅವನ ತೀರ್ಮಾನ ನಾನು ಒಪ್ಪುವುದಿಲ್ಲ. ಆದರೆ ನಮ್ಮ ತಲೆಯಲ್ಲಿ ಕೂತಿರುವ ದೇವರ ಚಿತ್ರಕ್ಕೆ ಅಪ್ಪನ ಮುಖ ಅಂಟಿಕೊಳ್ಳುತ್ತದೆ ಅನ್ನುವುದು ನಿಜ. ಆಪ್ತಸಮಾಲೋಚನೆಗೆ ಬರುವವರಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಎಷ್ಟು ಕೊಟ್ಟರೂ ಸಾಲದ ದೇವರು, ತಪ್ಪು ಹುಡುಕುತ್ತಾ ಬಾಗಿಲ ಹಿಂದೆ ನಿಂತ ದೇವರು, ಶನಿವಾರ ಒಂದು ಭಾನುವಾರ ಒಂದು ಆಗಿರುವ ದೇವರು. ಹೀಗೆ ವರ್ಣಿಸಿದವರನ್ನು ‘ಇದು ಯಾರ ಮುಖ?’ ಅಂತ ಕೇಳಿದರೆ ಸಾಮಾನ್ಯವಾಗಿ ಉತ್ತರ ತಡವಾಗುವುದಿಲ್ಲ.

ಸಭೆಗಳಿಗೂ ಇದು ಗೊತ್ತು. 1992ರಲ್ಲಿ ಹೊರಬಂದ ಕಥೋಲಿಕ ಸಭೆಯ ಧರ್ಮೋಪದೇಶ ಗ್ರಂಥವು ಕರ್ತನ ಪ್ರಾರ್ಥನೆಯ ಮೊದಲ ಮಾತನ್ನು ವಿವರಿಸುವಲ್ಲೇ ಒಂದು ಎಚ್ಚರಿಕೆ ಇಡುತ್ತದೆ. ನಮ್ಮ ನಮ್ಮ ಬದುಕಿನಿಂದ, ಸಮಾಜದಿಂದ ಬಂದ ತಂದೆತಾಯಿಯ ಚಿತ್ರಗಳು ದೇವರೊಂದಿಗಿನ ಸಂಬಂಧಕ್ಕೆ ಅಡ್ಡ ಬರುತ್ತವೆ, ಮನಸ್ಸನ್ನು ಮೊದಲು ಅವುಗಳಿಂದ ತೊಳೆದುಕೊಳ್ಳಬೇಕು ಅನ್ನುತ್ತದೆ. ನಾವು ಪ್ರೊಟೆಸ್ಟೆಂಟರು ಇದನ್ನು ಅಷ್ಟು ಸ್ಪಷ್ಟವಾಗಿ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕು.

ಈಗ ಬೈಬಲ್ ಏನು ಹೇಳುತ್ತದೆ ನೋಡೋಣ. ಹಳೆ ಒಡಂಬಡಿಕೆಯಲ್ಲಿ ದೇವರನ್ನು ತಂದೆ ಅಂತ ಕರೆದಿರುವುದು ತೀರಾ ಕಡಿಮೆ. ಕೀರ್ತನೆಗಾರನಿಗೆ ದೇವರು ಬಂಡೆ, ಕುರುಬ, ಗುರಾಣಿ, ರೆಕ್ಕೆಯಡಿಯ ನೆರಳು. ತಾಯಿಯ ಚಿತ್ರವೂ ಇದೆ. ಹೆತ್ತವಳು ಮೊಲೆಗೂಸನ್ನು ಮರೆತಾಳೇ, ಮರೆತರೂ ನಾನು ನಿನ್ನನ್ನು ಮರೆಯೆ ಅಂತ ಯೆಶಾಯ 49ರಲ್ಲಿ ದೇವರು ಹೇಳುತ್ತಾನೆ. ಈ ಮಾತನ್ನೇ ಹಿಡಿದು 1978ರ ಸೆಪ್ಟೆಂಬರ್ 10ರಂದು ಪೋಪ್ ಒಂದನೇ ಜಾನ್ ಪಾಲ್, ದೇವರು ನಮ್ಮ ತಂದೆ, ಅದಕ್ಕಿಂತ ಹೆಚ್ಚಾಗಿ ತಾಯಿ ಅಂದರು. ಅವರು ಪೋಪ್ ಆಗಿದ್ದದ್ದು 33 ದಿನ ಮಾತ್ರ. ಅಷ್ಟರಲ್ಲೇ ಹೇಳಿ ಹೋದರು. ಹೋಶೇಯ 11ನೇ ಅಧ್ಯಾಯ ಓದಿ. ಅಲ್ಲಿ ದೇವರು ಮಗುವಿಗೆ ನಡೆಯಲು ಕಲಿಸುತ್ತಾನೆ, ತೋಳಲ್ಲಿ ಎತ್ತಿಕೊಳ್ಳುತ್ತಾನೆ, ಬಗ್ಗಿ ಉಣಿಸುತ್ತಾನೆ. ಆ ಮಗು ದೊಡ್ಡದಾಗಿ ಬೆನ್ನು ತಿರುಗಿಸಿದಾಗ ಕೋಪ ಬರುತ್ತದೆ. ಆದರೆ ಕೋಪ ತೀರಿಸಿಕೊಳ್ಳುವುದಿಲ್ಲ, ನಾನು ದೇವರು, ಮನುಷ್ಯನಲ್ಲ ಅನ್ನುತ್ತಾನೆ. ಕೋಪ ಬಂದಾಗ ಕೈ ತಡೆಯುವುದೇ ತನ್ನ ಗುರುತು ಅಂತ ಆತ ಹೇಳುತ್ತಿದ್ದಾನೆ. ಬೆಲ್ಟಿನ ಮನೆಯಲ್ಲಿ ಬೆಳೆದವರಿಗೆ ಈ ವಚನ ಎಷ್ಟು ಮುಖ್ಯ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಯೇಸು ಬಂದಮೇಲೆ ‘ತಂದೆ’ ಅನ್ನುವ ಮಾತು ಎಲ್ಲ ಕಡೆ ತುಂಬಿಕೊಂಡಿತು. ಜೊತೆಗೇ ಇನ್ನೊಂದು ಕೆಲಸವೂ ನಡೆಯಿತು, ಅದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಮಾರ್ಕ 10ರಲ್ಲಿ ಪೇತ್ರ, ಎಲ್ಲ ಬಿಟ್ಟು ನಿನ್ನ ಹಿಂದೆ ಬಂದೆವು ಅನ್ನುತ್ತಾನೆ. ಯೇಸು ಬಿಟ್ಟವುಗಳ ಪಟ್ಟಿ ಹೇಳುತ್ತಾನೆ: ಮನೆ, ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಿ, ತಂದೆ, ಮಕ್ಕಳು, ಭೂಮಿ. ಆಮೇಲೆ ಸಿಗುವವುಗಳ ಪಟ್ಟಿ. ಅದರಲ್ಲಿ ಮನೆ ಇದೆ, ಅಣ್ಣತಮ್ಮಂದಿರಿದ್ದಾರೆ, ತಾಯಂದಿರಿದ್ದಾರೆ, ಮಕ್ಕಳಿದ್ದಾರೆ. ತಂದೆ ಇಲ್ಲ. ಎರಡು ವಚನಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೊಸ ಕುಟುಂಬದಲ್ಲಿ ಆ ಜಾಗ ಖಾಲಿ, ಅದು ದೇವರದು. ಭೂಮಿಯ ಮೇಲೆ ಯಾರನ್ನೂ ತಂದೆ ಅನ್ನಬೇಡಿ, ಪರಲೋಕದಲ್ಲಿರುವ ಒಬ್ಬನೇ ನಿಮ್ಮ ತಂದೆ ಅಂತ ಮತ್ತಾಯ 23ರಲ್ಲಿ ಅವನೇ ಬಿಡಿಸಿ ಹೇಳಿದ.

ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ರೋಮನ್ ಕಾನೂನಿನಲ್ಲಿ ಮಕ್ಕಳ ಮೇಲೆ ತಂದೆಗೆ ಹೆಚ್ಚುಕಡಿಮೆ ಪೂರ್ತಿ ಅಧಿಕಾರವಿತ್ತು, ಹುಟ್ಟಿದ ಕೂಸನ್ನು ಇಟ್ಟುಕೊಳ್ಳಬೇಕೋ ಎಸೆಯಬೇಕೋ ಅನ್ನುವುದೂ ಸೇರಿ. ರೋಮನ್ ಆಳ್ವಿಕೆಯ ಈಜಿಪ್ಟಿನಿಂದ ಒಂದು ಪಪೈರಸ್ ಓಲೆ ಸಿಕ್ಕಿದೆ, ಕ್ರಿಸ್ತಪೂರ್ವ 1ನೇ ವರ್ಷದ್ದು. ಕೂಲಿಗೆ ಅಲೆಕ್ಸಾಂಡ್ರಿಯಕ್ಕೆ ಹೋದ ಹಿಲಾರಿಯನ್ ಅನ್ನುವವನು ಹೆಂಡತಿ ಆಲಿಸ್‌ಗೆ ಬರೆದದ್ದು. ಚಿಂತೆ ಮಾಡಬೇಡ, ಮಗುವನ್ನು ಚೆನ್ನಾಗಿ ನೋಡಿಕೋ, ಕೂಲಿ ಸಿಕ್ಕ ಕೂಡಲೇ ದುಡ್ಡು ಕಳಿಸುತ್ತೇನೆ ಅಂತೆಲ್ಲ ಪ್ರೀತಿಯಿಂದ ಬರೆಯುತ್ತಾನೆ. ನಡುವೆ, ಹೆರಿಗೆಯಾಗಿ ಗಂಡಾದರೆ ಇರಲಿ, ಹೆಣ್ಣಾದರೆ ಎಸೆದುಬಿಡು ಅನ್ನುತ್ತಾನೆ. ಅವನೇನೂ ಕೆಟ್ಟ ಮನುಷ್ಯನಂತೆ ಕಾಣುವುದಿಲ್ಲ, ಅದೇ ಭಯ ಹುಟ್ಟಿಸುವುದು. ಇಂಥ ಲೋಕದಲ್ಲಿ ಪೌಲನ ಪತ್ರಗಳು ತಂದೆಗಳಿಗೇ ನೇರವಾಗಿ, ನಿಮ್ಮ ಮಕ್ಕಳನ್ನು ಕೆಣಕಬೇಡಿ, ಅವರ ಮನಸ್ಸು ಕುಗ್ಗಿಸಬೇಡಿ ಅಂದವು. ಎಫೆಸ 6, ಕೊಲೊಸ್ಸೆ 3. ನಿಮ್ಮ ತಮ್ಮ ಹೇಳುವ ‘ಸನ್ಮಾನಿಸು’ ಎಫೆಸ 6ರ ಎರಡನೇ ವಚನದಲ್ಲಿದೆ. ‘ಕೆಣಕಬೇಡಿ’ ನಾಲ್ಕನೆಯದರಲ್ಲಿದೆ. ನಮ್ಮ ಮನೆಗಳಲ್ಲಿ ಬೈಬಲ್ ಎರಡನೇ ವಚನಕ್ಕೇ ಮುಚ್ಚಿಹೋಗುತ್ತದೆ!

ಸಭೆಯ ಬಗ್ಗೆಯೂ ಒಂದು ಮಾತು. ಕುಡುಕನೂ ಹೊಡೆದಾಡುವವನೂ ಸಭೆಯ ಮೇಲ್ವಿಚಾರಣೆಗೆ ಬೇಡ, ಮನೆಯನ್ನೇ ನಡೆಸಲಾರದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಅಂತ ಒಂದನೇ ತಿಮೊಥೆಯ 3ರಲ್ಲಿ ಬರೆದಿದೆ. ನಿಮ್ಮ ಸಭೆಯವರಿಗೆ ವಿಷಯ ಗೊತ್ತಿದ್ದೂ ನಿಮ್ಮ ಅಪ್ಪನನ್ನು ಓದಲು ನಿಲ್ಲಿಸಿದರು. ನಿಮ್ಮ ಗಂಟಲು ಕಟ್ಟಿರುವುದರಲ್ಲಿ ಅವರ ಪಾಲೂ ಇದೆ. ಸಭಾಪಾಲಕನಾಗಿ ನಾನು ಇದನ್ನು ಒಪ್ಪಿಕೊಳ್ಳದೆ ನಿಮಗೆ ಬುದ್ಧಿವಾದ ಹೇಳಹೊರಟರೆ ಅದು ಮರ್ಯಾದೆಯಲ್ಲ.

ಹಾಗಾದರೆ ಭಾನುವಾರ ಏನು ಮಾಡುವುದು? ಸದ್ಯಕ್ಕೆ ಆ ಮಾತು ಹೇಳಬೇಡಿ. ಆ ಪ್ರಾರ್ಥನೆಯಲ್ಲಿ ‘ನನ್ನ ತಂದೆ’ ಅಂತಿಲ್ಲ, ‘ನಮ್ಮ ತಂದೆ’ ಅಂತಿದೆ, ಇಡೀ ಸಭೆ ಒಟ್ಟಿಗೆ ಹೇಳುತ್ತದೆ. ನಿಮಗೆ ಬಾಯಿ ಬಾರದ ದಿನ ಪಕ್ಕದವರು ನಿಮ್ಮ ಪರವಾಗಿಯೂ ಹೇಳುತ್ತಿರುತ್ತಾರೆ. ‘ನಮ್ಮ ಅನುದಿನದ ಆಹಾರ’ದಿಂದ ಸೇರಿಕೊಳ್ಳಿ. ಮನೆಯಲ್ಲಿ ಒಬ್ಬರೇ ಇದ್ದಾಗ 27ನೇ ಕೀರ್ತನೆ ಓದಿ. ತಂದೆತಾಯಿ ಕೈಬಿಟ್ಟರೂ ಯೆಹೋವನು ನನ್ನನ್ನು ಸೇರಿಸಿಕೊಳ್ಳುವನು ಅನ್ನುತ್ತದೆ ಅದು. ಕೈಬಿಡುವ ತಂದೆತಾಯಿ ಇರುತ್ತಾರೆ ಅಂತ ಬೈಬಲ್ಲೇ ಒಪ್ಪಿಕೊಂಡಿರುವ ಜಾಗ ಅದು. ಕೋಪ ಇದ್ದರೆ 88ನೇ ಕೀರ್ತನೆ. ಅದು ಸಮಾಧಾನದಿಂದ ಮುಗಿಯುವುದೇ ಇಲ್ಲ, ಕತ್ತಲಲ್ಲೇ ನಿಂತುಬಿಡುತ್ತದೆ. ಅದೂ ಪ್ರಾರ್ಥನೆಯೇ ಅಂತ ಹಿರಿಯರು ಒಪ್ಪಿ ಕೀರ್ತನೆಗಳ ಜೊತೆ ಸೇರಿಸಿದ್ದಾರೆ.

ಮುಂದೊಂದು ದಿನ ಆ ಮಾತು ಬಾಯಿಗೆ ಬರಬಹುದು. ಬಂದವರಿದ್ದಾರೆ. ಎಲ್ಲರಿಗೂ ಗೊತ್ತಿರುವ ಒಬ್ಬರ ಕಥೆ ಹೇಳುತ್ತೇನೆ, ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್. ಅವರ ತಂದೆ ಹಾನ್ಸ್ ಮಾನ್ಸ್‌ಫೆಲ್ಡ್‌ನಲ್ಲಿ ತಾಮ್ರದ ಗಣಿ ಕೆಲಸದಿಂದ ಮೇಲೆ ಬಂದವರು. ಮಗ ವಕೀಲನಾಗಬೇಕು ಅಂತ ಹಟ. ಒಂದು ಸಲ ಅಪ್ಪ ಎಷ್ಟು ಹೊಡೆದರೆಂದರೆ ನಾನು ಅವರಿಂದ ಓಡಿಹೋದೆ, ಮತ್ತೆ ನನ್ನನ್ನು ಹತ್ತಿರ ಮಾಡಿಕೊಳ್ಳಲು ಅವರು ಒದ್ದಾಡಬೇಕಾಯಿತು ಅಂತ ಲೂಥರ್ ದೊಡ್ಡವರಾದ ಮೇಲೆ ಊಟದ ಮೇಜಿನಲ್ಲಿ ಹೇಳಿಕೊಂಡಿದ್ದಾರೆ. ಒಂದೇ ಒಂದು ಕಾಯಿ ಕದ್ದದ್ದಕ್ಕೆ ತಾಯಿ ರಕ್ತ ಬರುವಂತೆ ಹೊಡೆದದ್ದನ್ನೂ ಹೇಳಿದ್ದಾರೆ. ಆ ಕಾಲದ ಮನೆಗಳಲ್ಲಿ ಇದು ಅಪರೂಪವಲ್ಲ, ಲೂಥರ್ ತಂದೆತಾಯಿಯನ್ನು ರಾಕ್ಷಸರಂತೆ ಚಿತ್ರಿಸಲೂ ಇಲ್ಲ. ನಿಮ್ಮ ಮನೆಯಲ್ಲಿ ನಡೆದದ್ದು ಅದಕ್ಕಿಂತ ಕೆಟ್ಟದ್ದು. ಆದರೆ ಒಂದು ಸಂಗತಿ ನಿಮಗೆ ಪರಿಚಿತ ಅನ್ನಿಸಬಹುದು. 1505ರಲ್ಲಿ ಲೂಥರ್ ಅಪ್ಪನ ಮಾತು ಮೀರಿ ಮಠ ಸೇರಿದರು. 1507ರಲ್ಲಿ ಅವರು ಮೊದಲ ಪೂಜೆ ಅರ್ಪಿಸಿದ ದಿನ, ಊಟಕ್ಕೆ ಕೂತಲ್ಲಿ ಹಾನ್ಸ್ ಎಲ್ಲರ ಮುಂದೆ, ‘ತಂದೆತಾಯಿಯನ್ನು ಸನ್ಮಾನಿಸಬೇಕು ಅಂತ ನೀವ್ಯಾರೂ ಓದಿಲ್ಲವೇ?’ ಅನ್ನುವ ಅರ್ಥದ ಮಾತು ಚುಚ್ಚಿದರು. ಅದೇ ಆಜ್ಞೆ! ಆ ಮಾತು ಬಹಳ ವರ್ಷ ಲೂಥರ್ ಎದೆಯಲ್ಲಿ ಕೂತಿತ್ತು.

ಇಂಥ ಮಗ 1529ರಲ್ಲಿ ಮನೆಯವರಿಗಾಗಿ ಚಿಕ್ಕ ಪ್ರಶ್ನೋತ್ತರ ಬರೆದರು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂದರೇನು ಅಂತ ಕೇಳಿ, ಪ್ರೀತಿಯ ಮಕ್ಕಳು ಪ್ರೀತಿಯ ತಂದೆಯನ್ನು ಕೇಳುವ ಹಾಗೆ ನಾವು ಅಂಜದೆ ಬೇಡಲಿ ಅಂತ ದೇವರು ಈ ಮಾತಿನಿಂದ ನಮ್ಮನ್ನು ಕರೆಯುತ್ತಾನೆ ಅನ್ನುವ ಅರ್ಥದ ಉತ್ತರ ಕೊಟ್ಟರು. ಈ ಅಂಜದ ಮಗು ಅವರಿಗೆ ಎಲ್ಲಿಂದ ಸಿಕ್ಕಿತು? ಯೇಸು ತನ್ನ ತಂದೆಯೊಂದಿಗೆ ಮಾತಾಡುವುದನ್ನು ಸುವಾರ್ತೆಗಳಲ್ಲಿ ಓದಿ ಓದಿ ಬಂತು ಅಂತ ನನ್ನ ನಂಬಿಕೆ. ತನ್ನ ಮನೆಯಲ್ಲಿ ಪುಟ್ಟ ಮಗ ಕಾಲಿಗೆ ಸುತ್ತಿಕೊಳ್ಳುವುದನ್ನು ನೋಡಿಯೂ ಸ್ವಲ್ಪ ಬಂದಿರಬೇಕು.

ಮರುವರ್ಷದ ಫೆಬ್ರವರಿಯಲ್ಲಿ ಹಾನ್ಸ್ ಹಾಸಿಗೆ ಹಿಡಿದ ಸುದ್ದಿ ಬಂತು. ಲೂಥರ್ ಹೋಗಲಿಲ್ಲ, ದಾರಿಯಲ್ಲಿ ಜೀವಕ್ಕೆ ಅಪಾಯವಿತ್ತು. ಉದ್ದದ ಪತ್ರ ಬರೆದರು, ಸಾಧ್ಯವಾದರೆ ಅಪ್ಪ ಅಮ್ಮನನ್ನು ವಿಟ್ಟೆನ್‌ಬರ್ಗ್‌ನ ತಮ್ಮ ಮನೆಗೇ ಕರೆತರಬಹುದೇ ಅಂತ ವಿಚಾರಿಸಿದರು. ಮೇ 29ರಂದು ಹಾನ್ಸ್ ತೀರಿಕೊಂಡರು. ಲೂಥರ್ ಆಗ ಕೋಬುರ್ಗ್ ಕೋಟೆಯಲ್ಲಿದ್ದರು. ಸುದ್ದಿ ಮುಟ್ಟಿದಾಗ ಕೀರ್ತನೆಗಳ ಪುಸ್ತಕ ಎತ್ತಿಕೊಂಡು ಕೋಣೆಗೆ ಹೋದರು, ಮರುದಿನ ತಲೆನೋವು ಬರುವಷ್ಟು ಅತ್ತರು ಅಂತ ಜೊತೆಗಿದ್ದವರು ಬರೆದಿದ್ದಾರೆ. ಅದಾಗಿ ಎರಡು ವಾರಕ್ಕೆ, ಜೂನ್ 19ರಂದು, ಅದೇ ಕೋಟೆಯಿಂದ ನಾಲ್ಕು ವರ್ಷದ ಮಗನಿಗೆ ಒಂದು ಪತ್ರ ಹೋಯಿತು. ಆ ಮಗನ ಹೆಸರೂ ಹಾನ್ಸ್, ತಾತನ ಹೆಸರು. ಪತ್ರದಲ್ಲಿ ಒಂದು ತೋಟವಿದೆ. ಮಕ್ಕಳು ಚಿನ್ನದ ಅಂಗಿ ತೊಟ್ಟು ಮರದಡಿ ಸೇಬು, ಪೇರು, ಚೆರ್ರಿ ಆಯುತ್ತಾರೆ. ಚಿನ್ನದ ಲಗಾಮು, ಬೆಳ್ಳಿಯ ಜೀನು ಹಾಕಿದ ಪುಟ್ಟ ಕುದುರೆಗಳಿವೆ. ನಮ್ಮ ಹಾನ್ಸ್‌ಗೂ ಒಳಗೆ ಬಿಡುತ್ತೀರಾ ಅಂತ ಅಪ್ಪ ತೋಟದವನನ್ನು ಕೇಳುತ್ತಾನೆ. ಪ್ರಾರ್ಥನೆ ಮಾಡು, ಓದು ಅನ್ನುವ ಬುದ್ಧಿಮಾತೂ ಇದೆ, ಅಪ್ಪ ಅಲ್ವಾ. ಆದರೆ ಹೆದರಿಸುವ ಒಂದು ಸಾಲೂ ಇಲ್ಲ. ಕುಟುಂಬದಲ್ಲಿ ಗುಣವಾಗುವುದು ಅಂದರೆ ಬಹಳ ಸಲ ಇಷ್ಟೇ. ಮೇಲಿನ ತಲೆಮಾರಿನ ಜೊತೆ ಲೆಕ್ಕ ಪೂರ್ತಿ ತೀರಿರುವುದಿಲ್ಲ, ಕೆಳಗಿನ ತಲೆಮಾರಿಗೆ ಆ ಏಟು ದಾಟುವುದಿಲ್ಲ. ಅಂದಹಾಗೆ ನಿಮ್ಮ ಮಗಳು ‘ನೀನ್ಯಾಕಮ್ಮ ಹೇಳಲ್ಲ’ ಅಂತ ಭಯವಿಲ್ಲದೆ ನಿಮ್ಮನ್ನು ಕೇಳಿದಳಲ್ಲ, ಆ ವಯಸ್ಸಿನಲ್ಲಿ ನೀವು ನಿಮ್ಮಪ್ಪನನ್ನು ಹಾಗೆ ಕೇಳಬಹುದಿತ್ತೇ?

ಅವಳಿಗೆ ನಿಜ ಹೇಳಿ, ಎಂಟು ವರ್ಷಕ್ಕೆ ಹೊರುವಷ್ಟು. ‘ಚಿಕ್ಕವಳಿದ್ದಾಗ ಅಜ್ಜ ನನಗೆ, ಅಜ್ಜಿಗೆ ಹೊಡೀತಿದ್ರು. ಅದಕ್ಕೆ ಆ ಮಾತು ಬಂದಾಗ ನಂಗೆ ಸಂಕಟ ಆಗುತ್ತೆ. ದೇವರು ಹೊಡೆಯೋ ತಂದೆ ಅಲ್ಲ ಅಂತ ನಂಗೆ ಗೊತ್ತು, ಬಾಯಿಗೆ ಇನ್ನೂ ಗೊತ್ತಾಗಿಲ್ಲ.’ ಇಷ್ಟು ಸಾಕು. ಸುಳ್ಳು ಹೇಳಿದರೆ, ತನ್ನ ಪ್ರಶ್ನೆಯಿಂದಲೇ ಅಮ್ಮನಿಗೆ ಬೇಜಾರಾಯಿತು ಅಂದುಕೊಳ್ಳುತ್ತಾಳೆ.

ಇನ್ನು ಊರಿನ ವಿಷಯ. ‘ಆಗಿದ್ದು ಆಗಿಹೋಯ್ತು’ ಅನ್ನುವ ಮಾತು ಬೈಬಲ್‌ನಲ್ಲೂ ಇದೆ, ಅದು ಎಲ್ಲಿಗೆ ಮುಟ್ಟಿತು ಅನ್ನುವುದೂ ಇದೆ. ಎರಡನೇ ಸಮುವೇಲ 13. ರಾಜ ದಾವೀದನ ಮಗ ಅಮ್ನೋನ ಮಲತಂಗಿ ತಾಮಾರಳ ಮೇಲೆ ಬಲಾತ್ಕಾರ ಮಾಡುತ್ತಾನೆ. ಅವಳ ಸ್ವಂತ ಅಣ್ಣ ಅಬ್ಷಾಲೋಮ, ಸುಮ್ಮನಿರು ತಂಗಿ, ಅವನು ನಿನ್ನ ಅಣ್ಣನಲ್ಲವೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅನ್ನುತ್ತಾನೆ. ತಂದೆ ದಾವೀದನಿಗೆ ಸುದ್ದಿ ಮುಟ್ಟಿ ಬಹಳ ಸಿಟ್ಟು ಬರುತ್ತದೆ. ಏನೂ ಮಾಡುವುದಿಲ್ಲ. ತಾಮಾರ್ ಅಣ್ಣನ ಮನೆಯಲ್ಲಿ ಹಾಳುಬಿದ್ದವಳಂತೆ ಉಳಿದಳು ಅಂತ ಒಂದೇ ಸಾಲು. ಮುಂದೆ ಅವಳು ಮಾತಾಡುವುದೇ ಇಲ್ಲ. ಎರಡು ವರ್ಷ ಒಳಗೊಳಗೇ ಕುದಿದ ಅಬ್ಷಾಲೋಮ ಅಮ್ನೋನನನ್ನು ಕೊಲ್ಲಿಸಿ ಓಡಿಹೋಗುತ್ತಾನೆ. ಮೂರು ವರ್ಷ ಪರದೇಶ. ಹಿತೈಷಿಗಳು ನಡುವೆ ಬಂದು ಕರೆಸುತ್ತಾರೆ. ಬಂದ ಮೇಲೂ ಎರಡು ವರ್ಷ ಒಂದೇ ಊರಿನಲ್ಲಿದ್ದು ಅಪ್ಪ ಮುಖ ತೋರಿಸುವುದಿಲ್ಲ. ಕೊನೆಗೆ ಮಗ ಬಂದು ಅಡ್ಡಬೀಳುತ್ತಾನೆ, ಅಪ್ಪ ಮುದ್ದಿಡುತ್ತಾನೆ. ನೋಡುವವರಿಗೆ ರಾಜಿ ಆಯಿತು. ತಾಮಾರಳ ಬಗ್ಗೆ ಒಂದು ಶಬ್ದವಿಲ್ಲ, ಅಮ್ನೋನನ ಬಗ್ಗೆ ಒಂದು ಶಬ್ದವಿಲ್ಲ. ಮುಂದಿನ ಅಧ್ಯಾಯದಲ್ಲೇ ಆ ಮಗ ಅಪ್ಪನ ಮೇಲೆ ದಂಗೆ ಏಳುತ್ತಾನೆ, ಆ ದಂಗೆಯಲ್ಲೇ ಸಾಯುತ್ತಾನೆ. ಕಥೆ ಮುಗಿಯುವುದು ‘ನನ್ನ ಮಗನೇ, ಅಬ್ಷಾಲೋಮನೇ’ ಅನ್ನುವ ದಾವೀದನ ಗೋಳಿನಲ್ಲಿ. ನಡೆದದ್ದನ್ನು ಬಾಯಿಬಿಟ್ಟು ಹೇಳದೆ ಕೊಟ್ಟ ಮುದ್ದಿನ ಗತಿ ಇದು. ನಿಮ್ಮ ತಮ್ಮ ಕೆಟ್ಟವನಲ್ಲ, ಅವನಿಗೆ ಮನೆ ಒಂದಾಗಬೇಕು ಅಂತ ಆಸೆ. ಆದರೆ ಅವನು ಕೇಳುತ್ತಿರುವುದು ಈ ಮುದ್ದನ್ನೇ.

ಎದುರಿಗೆ ಯಾಕೋಬ-ಏಸಾವರ ಕಥೆ ಇಡುತ್ತೇನೆ. ಅಣ್ಣನಿಗೆ ಮೋಸ ಮಾಡಿ ಓಡಿಹೋದ ಯಾಕೋಬ ಇಪ್ಪತ್ತು ವರ್ಷದ ಮೇಲೆ ವಾಪಸು ಬರುತ್ತಾನೆ. ತಪ್ಪು ಮಾಡಿದವನು ಅವನು, ಮೊದಲು ಕೈ ಚಾಚುವವನೂ ಅವನೇ. ಆಡು, ಕುರಿ, ಒಂಟೆ, ಹಸು ಅಂತ ಹಿಂಡುಗಟ್ಟಲೆ ಮುಂದೆ ಕಳಿಸುತ್ತಾನೆ, ಏಳು ಸಲ ನೆಲಕ್ಕೆ ಬಾಗುತ್ತಾನೆ. ಏಸಾವ ಓಡಿಬಂದು ಅಪ್ಪಿಕೊಳ್ಳುತ್ತಾನೆ, ಇಬ್ಬರೂ ಅಳುತ್ತಾರೆ. ಎಲ್ಲ ಪ್ರಸಂಗಗಳೂ ಇಲ್ಲಿಗೆ ನಿಲ್ಲುತ್ತವೆ. ಆದಿಕಾಂಡ 33ನ್ನು ಇನ್ನೂ ಸ್ವಲ್ಪ ಮುಂದೆ ಓದಬೇಕು. ಬಾ, ಜೊತೆಗೇ ಹೋಗೋಣ ಅಂತ ಏಸಾವ ಕರೆಯುತ್ತಾನೆ. ಯಾಕೋಬ, ಮಕ್ಕಳು ಚಿಕ್ಕವರು, ನೀನು ಮುಂದೆ ಹೋಗು, ನಾನು ನಿಧಾನ ಬರುತ್ತೇನೆ ಅನ್ನುತ್ತಾನೆ. ಏಸಾವ ಸೇಯೀರಿಗೆ ಹೋಗುತ್ತಾನೆ. ಯಾಕೋಬ ಸುಕ್ಕೋತಿಗೆ ಹೋಗಿ ಮನೆ ಕಟ್ಟಿಕೊಳ್ಳುತ್ತಾನೆ. ಹೇಳಿದ್ದೊಂದು ಮಾಡಿದ್ದೊಂದು, ಆ ಚಾಳಿ ಬಿಟ್ಟಿರಲಿಲ್ಲ ಅನ್ನಿ. ಆದರೆ ಇದಕ್ಕೆ ದೇವರು ಅವನನ್ನು ಗದರಿದ್ದು ಎಲ್ಲೂ ಇಲ್ಲ. ಮನಸ್ಸು ತಿಳಿಯಾಯಿತು, ಮನೆ ಬೇರೆಬೇರೆಯೇ ಉಳಿಯಿತು. 35ನೇ ಅಧ್ಯಾಯದ ಕೊನೆಯಲ್ಲಿ ಇಬ್ಬರೂ ಸೇರಿ ತಂದೆ ಇಸಾಕನನ್ನು ಮಣ್ಣು ಮಾಡುತ್ತಾರೆ. ಸತ್ಯವೇದದ ಎಲ್ಲ ರಾಜಿಗಳಲ್ಲಿ ನನಗೆ ಇದೇ ಜಾಸ್ತಿ ಇಷ್ಟ. ನಮ್ಮ ಮನೆಗಳಲ್ಲಿ ಆಗಬಹುದಾದ್ದು ಇದು.

ಯಾಕೋಬನ ಮಗ ಯೋಸೇಫನದೂ ಅಷ್ಟೇ. ತನ್ನನ್ನು ಮಾರಿದ ಅಣ್ಣಂದಿರು ಧಾನ್ಯ ಕೇಳಿ ಬಂದಾಗ ಅವನು ತಕ್ಷಣ ಗುರುತು ಹೇಳಲಿಲ್ಲ. ತಮ್ಮ ಬೆನ್ಯಾಮೀನನನ್ನೂ ತನ್ನ ಹಾಗೆ ಕೈಬಿಡುತ್ತಾರೋ ಇಲ್ಲವೋ ಅಂತ ನೋಡಿದ. ಹಿಂದೆ ಮಾರೋಣ ಅಂದಿದ್ದ ಯೆಹೂದನೇ ಈಗ, ಇವನ ಬದಲು ನಾನು ಆಳಾಗಿ ಉಳಿಯುತ್ತೇನೆ ಅಂದ ಮೇಲೆ ಅತ್ತು ಗುರುತು ಹೇಳಿದ. ಅದಾಗಿ ಹದಿನೇಳು ವರ್ಷ ಯಾಕೋಬ ಐಗುಪ್ತದಲ್ಲಿ ಬದುಕಿದ. ಅವನು ತೀರಿಕೊಂಡ ಕೂಡಲೇ ಅಣ್ಣಂದಿರಿಗೆ ಮತ್ತೆ ಭಯ ಹತ್ತಿತು! ಕ್ಷಮೆ ಒಂದು ದಿನದಲ್ಲಿ ಕೊಡಬಹುದು, ನಂಬಿಕೆಗೆ ಹದಿನೇಳು ವರ್ಷವೂ ಸಾಲದಿರಬಹುದು. ಇವೆರಡನ್ನೂ ನಿಮ್ಮ ತಮ್ಮ ಒಂದೇ ಅಂದುಕೊಂಡಿದ್ದಾನೆ.

ಕ್ಷಮೆ ಅಂದರೆ ಏಟಿಗೆ ಏಟು ಕೊಡುವ ಹಕ್ಕನ್ನು ದೇವರ ಕೈಗೆ ಬಿಡುವುದು. ಅದನ್ನು ನೀವು ಬೆಂಗಳೂರಿನಲ್ಲಿ ಕೂತೇ ಮಾಡಬಹುದು, ಬಹುಶಃ ಸ್ವಲ್ಪ ಮಾಡಿಯೂ ಇದ್ದೀರಿ, ಇಲ್ಲದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಹತ್ತಿರ ಹೋಗುವುದಕ್ಕೆ ಇನ್ನೊಬ್ಬರ ಪಾಲೂ ಬೇಕು. ಲೂಕ 17ರಲ್ಲಿ ಯೇಸು, ತಪ್ಪು ಮಾಡಿದವನನ್ನು ಗದರಿಸು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು ಅನ್ನುತ್ತಾನೆ. ಏಳೆಪ್ಪತ್ತು ಸಾರಿ ಕ್ಷಮಿಸು ಅನ್ನುವ ಮತ್ತಾಯ 18ರಲ್ಲೇ, ಕೇಳದವನನ್ನು ದೂರವಿಡುವ ಕ್ರಮವೂ ಇದೆ. ದೂರದೇಶಕ್ಕೆ ಹೋಗಿ ಆಸ್ತಿ ಹಾಳುಮಾಡಿ, ಎದ್ದು ಅಪ್ಪನ ಹತ್ತಿರ ಮರಳಿದ ತಪ್ಪಿಹೋದ ಮಗನ ಸಾಮ್ಯವನ್ನು ಯಾರಾದರೂ ನಿಮಗೆ ಹೇಳಿದರೆ ಒಂದು ನೆನಪಿಡಿ. ಅಲ್ಲಿ ತಪ್ಪಿಹೋದವನು ಮಗ. ನಿಮ್ಮ ಮನೆಯಲ್ಲಿ ದೂರದೇಶಕ್ಕೆ ಹೋದವರು ಅಪ್ಪ, ಮನೆಯಲ್ಲೇ ಕೂತು ಹೋದರು. ಎದ್ದು ಬರಬೇಕಾದವರು ಅವರು.

‘ಅಪ್ಪ ಅಳ್ತಾರೆ’ ಅಂತ ತಮ್ಮ ಹೇಳಿದ್ದಕ್ಕೆ ಒಂದು ಎಚ್ಚರಿಕೆ. ಲಕ್ವಾ ಹೊಡೆದ ಮೇಲೆ ಕೆಲವರಿಗೆ ಅಳು ಹಿಡಿತದಲ್ಲಿ ಇರುವುದಿಲ್ಲ. ಟಿವಿ ನೋಡಿದರೂ ಅಳುತ್ತಾರೆ, ಯಾರ ಹೆಸರು ಎತ್ತಿದರೂ ಅಳುತ್ತಾರೆ, ಕೆಲವರು ಕಾರಣವಿಲ್ಲದೆ ನಗುತ್ತಾರೆ. ಅದು ಮೆದುಳಿಗೆ ಆದ ಪೆಟ್ಟಿನ ಫಲ, ವೈದ್ಯರು ಅದಕ್ಕೂ ಔಷಧಿ ಕೊಡುತ್ತಾರೆ. ನಿಮ್ಮ ಅಪ್ಪನ ಕಣ್ಣೀರು ಪಶ್ಚಾತ್ತಾಪದ್ದೇ ಇರಬಹುದು, ಕಾಯಿಲೆಯದ್ದೂ ಇರಬಹುದು, ಎರಡೂ ಕಲೆತಿರಬಹುದು. ಅಳು ನೋಡಿ ತೀರ್ಮಾನ ಬೇಡ, ಮಾತು ಕೇಳಿ. ಎಡಭಾಗ ಬಿದ್ದವರಿಗೆ ಸಾಮಾನ್ಯವಾಗಿ ಮಾತು ಪೂರ್ತಿ ಹೋಗುವುದಿಲ್ಲ, ತೊದಲಬಹುದು ಅಷ್ಟೇ. ‘ಅಪ್ಪ ಏನು ಹೇಳ್ತಾರೆ?’ ಅಂತ ತಮ್ಮನನ್ನು ಕೇಳಿ. ‘ನಾನು ನಿಮ್ಮಮ್ಮನಿಗೆ ಹೊಡೆದೆ, ನಿನಗೆ ಹೊಡೆದೆ, ಅದು ತಪ್ಪು’ ಅಂತ ಹೇಳಬಲ್ಲರೇ? ಸುಂಕ ವಸೂಲಿಯ ಜಕ್ಕಾಯ ಯೇಸುವಿನ ಮುಂದೆ ಸುಮ್ನೆ ಅಳಲಿಲ್ಲ. ಮೋಸ ಮಾಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂತ ಲೆಕ್ಕ ಹೇಳಿದ.

ಕುಡಿತ ಬಿಟ್ಟವರ ಸಂಘ, 1935ರಲ್ಲಿ ಅಮೆರ‍ಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದೆ. ಅವರ ಹನ್ನೆರಡು ಹೆಜ್ಜೆಗಳಲ್ಲಿ ಎಂಟನೆಯದು ತಾನು ನೋಯಿಸಿದವರ ಪಟ್ಟಿ ಮಾಡುವುದು. ಒಂಬತ್ತನೆಯದು ಅವರಿಗೆ ತಪ್ಪು ಸರಿಪಡಿಸಿಕೊಡುವುದು, ಆದರೆ ಹಾಗೆ ಮಾಡುವುದರಿಂದ ಅವರಿಗೇ ಇನ್ನಷ್ಟು ನೋವಾಗುವಂತಿದ್ದರೆ ಬೇಡ. ಪಟ್ಟಿ ಮಾಡುವ ಕೆಲಸ ನೋಯಿಸಿದವನದು. ಇಂಥ ಮನೆಗಳವರಿಗಾಗಿಯೇ 1951ರಿಂದ ಅಲ್-ಅನಾನ್ ಅನ್ನುವ ಬೇರೆ ಗುಂಪುಗಳಿವೆ, ಬೆಂಗಳೂರಿನಲ್ಲೂ ಸೇರುತ್ತವೆ. ಒಂದು ಸಲ ಹೋಗಿ ಕೂತು ನೋಡಿ. ಮಾತಾಡಬೇಕೆಂದೇನೂ ಇಲ್ಲ.

‘ಸನ್ಮಾನಿಸು’ ಅನ್ನುವ ಆಜ್ಞೆ ಇದ್ದೇ ಇದೆ, ಅದನ್ನು ನಾನು ಅಳಿಸಲಾರೆ. ಆದರೆ ಯೇಸು ಮಾರ್ಕ 7ರಲ್ಲಿ ಅದನ್ನು ವಿವರಿಸಿದ ರೀತಿ ನೋಡಿ. ತಂದೆತಾಯಿಗೆ ಕೊಡಬೇಕಾದ್ದನ್ನು ‘ದೇವರಿಗೆ ಮುಡಿಪು’ ಅಂತ ಹೇಳಿ ತಪ್ಪಿಸಿಕೊಳ್ಳುವವರನ್ನು ಅವನು ಬೈಯುತ್ತಾನೆ. ಅಂದರೆ ಸನ್ಮಾನ ಅಂದರೆ ಮುಪ್ಪಿನಲ್ಲಿ ಹೊಟ್ಟೆಬಟ್ಟೆ, ಔಷಧಿ. ನಮ್ಮ ದೇಶದ 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳಿಂದ ಕೇಳುವುದೂ ಅದನ್ನೇ. ಫಿಸಿಯೋಥೆರಪಿಯ ಖರ್ಚಿನಲ್ಲಿ ಒಂದು ಪಾಲು ತಿಂಗಳಿಗೊಮ್ಮೆ ತಮ್ಮನ ಖಾತೆಗೆ ಹಾಕಿದರೆ ನೀವು ಆಜ್ಞೆ ಮೀರಿದವರಲ್ಲ. ಹಾಸಿಗೆಯ ಪಕ್ಕ ಕೂತು ಕಾಲು ಒತ್ತಬೇಕು ಅಂತ ಎಲ್ಲೂ ಬರೆದಿಲ್ಲ.

ಹೋಗಲೇಬೇಕು ಅನ್ನಿಸಿದರೆ ನಿಮ್ಮ ಷರತ್ತಿನ ಮೇಲೆ ಹೋಗಿ. ಮೊದಲು ಒಂದು ಪತ್ರ ಬರೆದು ಕಳಿಸಿ, ನಡೆದದ್ದನ್ನು ಹೆಸರಿಟ್ಟು ಬರೆಯಿರಿ. ಯಜಮಾನರು ಜೊತೆಗಿರಲಿ. ರಾತ್ರಿ ಆ ಮನೆಯಲ್ಲಿ ಉಳಿಯಬೇಡಿ, ಲಾಡ್ಜ್ ಮಾಡಿ. ವಾಪಸಿನ ಟಿಕೆಟ್ ಕೈಯಲ್ಲಿರಲಿ. ಮಗಳನ್ನು ಮೊದಲ ಸಲ ಕರೆದುಕೊಂಡು ಹೋಗಬೇಡಿ. ಎಲ್ಲರನ್ನೂ ಸೇರಿಸಿ ಪ್ರಾರ್ಥನೆ ಮಾಡಿಸಿ, ಕೈ ಹಿಡಿಸಿ, ಫೋಟೋ ತೆಗೆಯಲು ಯಾರಾದರೂ ಹಿರಿಯರು ಸಿದ್ಧರಾಗಿದ್ದರೆ ‘ಇವತ್ತು ಬೇಡ’ ಅನ್ನಿ. ಹೋಗಬಾರದು ಅನ್ನಿಸಿದರೆ ಹೋಗಬೇಡಿ. ನಾಳೆ ಅಪ್ಪ ತೀರಿಕೊಂಡರೆ ಏನು ಮಾಡುತ್ತೀರಿ ಅನ್ನುವುದನ್ನು ಮಾತ್ರ ಈಗಲೇ ಯೋಚಿಸಿಡಿ, ಮಣ್ಣಿಗೆ ಹೋಗುತ್ತೀರೋ ಇಲ್ಲವೋ ಅಂತ. ಆ ಹೊತ್ತಿಗೆ ಫೋನ್ ಹಿಡಿದು ತೀರ್ಮಾನಿಸುವುದು ಕಷ್ಟ. ಹಳೆಯ ಏಟುಗಳು ನಿದ್ದೆಯಲ್ಲಿ, ಮೈಯಲ್ಲಿ ಇನ್ನೂ ಕಾಡುತ್ತಿದ್ದರೆ ಪ್ರಾರ್ಥನೆಯೊಂದನ್ನೇ ನೆಚ್ಚಬೇಡಿ. ನಿಮ್ಹಾನ್ಸ್ ನಿಮ್ಮ ಊರಿನಲ್ಲೇ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೊನೆಗೊಂದು. ನಿಮ್ಮ ಪತ್ರದಲ್ಲಿ ಅಪ್ಪ ಇದ್ದಾರೆ, ತಮ್ಮ ಇದ್ದಾನೆ, ಮಗಳು ಇದ್ದಾಳೆ. ಅಮ್ಮ ಏಟು ತಿನ್ನುವ ಜಾಗದಲ್ಲಿ ಒಮ್ಮೆ ಬಂದು ಹೋದರು. ಈಗ ನಿಮ್ಮ ಅಪ್ಪನನ್ನು ಮಗ್ಗುಲು ಬದಲಿಸಿ ಮಲಗಿಸುವವರು, ಬೆಡ್‌ಪ್ಯಾನ್ ಇಡುವವರು ಯಾರು? ನನ್ನ ಊಹೆ, ಅವರೇ. ಕೂಗಾಡುವ ಅಭ್ಯಾಸ ಅಪ್ಪನಿಗೆ ಇನ್ನೂ ಇದೆಯೋ, ಬಲಗೈ ಈಗಲೂ ಎತ್ತುತ್ತಾರೋ, ಅದನ್ನು ತಮ್ಮನನ್ನು ಕೇಳಬೇಡಿ, ಅಮ್ಮನನ್ನೇ ಕೇಳಿ, ಅವರೊಬ್ಬರೇ ಇರುವಾಗ. ಎತ್ತುತ್ತಾರೆ ಅಂದರೆ ಮಹಿಳಾ ಸಹಾಯವಾಣಿ 181 ಇದೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹಾಸಿಗೆ ಹಿಡಿದ ಗಂಡನಿಗೂ ಅನ್ವಯಿಸುತ್ತದೆ. ಇಲ್ಲ ಅಂದರೂ ಅಮ್ಮನಿಗೆ ಬಿಡುವು ಬೇಕು. ಹದಿನೈದು ದಿನ ಬೆಂಗಳೂರಿಗೆ ಕರೆಸಿಕೊಳ್ಳಿ. ಅಷ್ಟು ದಿನ ಅಪ್ಪನನ್ನು ತಮ್ಮ ನೋಡಿಕೊಳ್ಳಲಿ, ಇಲ್ಲವೇ ಹೋಂ ನರ್ಸ್ ಇಡಿ, ಖರ್ಚು ಹಂಚಿಕೊಳ್ಳಿ. ಅಮ್ಮ ಮೊದಲು ‘ಬೇಡ ಬಿಡು, ಅವರನ್ನು ಬಿಟ್ಟು ಹೇಗೆ ಬರಲಿ’ ಅನ್ನುತ್ತಾರೆ. ಟಿಕೆಟ್ ಬುಕ್ ಮಾಡಿಬಿಟ್ಟು ಆಮೇಲೆ ಫೋನ್ ಮಾಡಿ.